ಹೊರಮೈಯಿಂದ ಹೊರಮೈಗೆ

ಚೀಟಿಯಲ್ಲಿ ಬರೆದಿತ್ತು: ಮೂತ್ರಪಿಂಡದ ಕಲ್ಲು.
ಎಡಪಕ್ಕೆಯಲ್ಲಿ ನೋವು, ಬೆವರು, ಒಮ್ಮೆ ತಲೆಸುತ್ತು,
ವಯಸ್ಸು ಎಪ್ಪತ್ತೊಂದು, ಕಸುಬು ದೋಣಿ ಕಟ್ಟುವುದು.
ಅಚಾವೊದ ಆಸ್ಪತ್ರೆಯಲ್ಲಿ ರಾತ್ರಿ ಎರಡು ಕಳೆದ ಮೇಲೆ
ಎಲ್ಲ ಪಕ್ಕೆನೋವೂ ಕಲ್ಲೇ.
ಬೆಳಗಾದರೆ ಬೇರೆ ಹೆಸರು.

ಎರಾಸ್ಮೊ ವೆಂಚೂರ್ ಅಂಗಿ ಎತ್ತಿದ.
ಹೊಕ್ಕುಳಲ್ಲಿ ಗರಗಸದ ಹುಡಿ,
ಎಷ್ಟು ತೊಳೆದರೂ ಹೋಗದ ಡಾಂಬರಿನ ವಾಸನೆ.
ಜೆಲ್ ತಣ್ಣಗಿರುತ್ತದೆ, ಎಂದೆ.
ಕಡಲಿಗಿಂತಲೋ, ಎಂದ.

ಇಸ್ತ್ರಿಪೆಟ್ಟಿಗೆಯಷ್ಟೂ ಭಾರವಿಲ್ಲದ ಯಂತ್ರ.
ಒತ್ತಬೇಕು ನಿಧಾನ, ಅವನು ಉಸಿರು ಬಿಡುವಾಗ,
ಕರುಳೊಳಗಿನ ಗಾಳಿ ಪಕ್ಕಕ್ಕೆ ಸರಿಯುವವರೆಗೆ.
ಸರಿದ ಮೇಲೆ ಮೊದಲು ಕಾಣುವುದು ಬೆನ್ನೆಲುಬು,
ಲಾಳದಂತೆ ಬಾಗಿದ ಬಿಳಿ ಗೆರೆ, ಹಿಂದೆಲ್ಲ ಕತ್ತಲು.
ಅದಕ್ಕೊರಗಿ ಮಹಾಧಮನಿ ಮಿಡಿಯುತ್ತಿರಬೇಕು,
ಹೆಬ್ಬೆರಳ ದಪ್ಪ.

ಮಿಡಿಯುತ್ತಿತ್ತು. ಮುಷ್ಟಿಯ ದಪ್ಪ.

ನಡುವೆ ಕರಿಯ ಹೊಳೆ, ಕಿರಿದು.
ಸುತ್ತ ಬೂದಿಬಣ್ಣದ ಹೆಪ್ಪು, ಹಳೆಯದು,
ಇದೇ ದಡವೆಂದು ಕಣ್ಣನ್ನು ನಂಬಿಸುವಂಥದು.

ಹೋದ ಚಳಿಗಾಲ ನಾನು
ಆ ದಡದಿಂದ ಈ ದಡಕ್ಕಷ್ಟೇ ಅಳೆದಿದ್ದೆ.
ಎಡೆಲ್ಮೀರಾ ಬಾರ್ರಿಯಾ, ಕಡಲಪಾಚಿ ಆಯುವವಳು.
ಎರಡೂವರೆ ಸೆಂಟಿಮೀಟರ್, ಪರವಾಗಿಲ್ಲ, ಎಂದಿದ್ದೆ.
ನೋವಿನ ಗುಳಿಗೆ ಆರು ಎಣಿಸಿ
ಕಾಗದದಲ್ಲಿ ಪೊಟ್ಟಣ ಕಟ್ಟಿಕೊಟ್ಟಿದ್ದೆ.
ಮಗಳು ಅದನ್ನು ಮೇಜಿನ ಮೇಲೆ ತಂದಿಟ್ಟಾಗ
ಎರಡು ಉಳಿದಿದ್ದವು.
ಬೈಯಲಿಲ್ಲ ಅವಳು.
ಬೇರೆಯವರಿಗೆ ಬೇಕಾದೀತು, ಎಂದಳು.

ಈಗ ಅಳತೆಯ ಚುಕ್ಕೆಯನ್ನು ಹೊಳೆ ದಾಟಿಸಿದೆ,
ಹೆಪ್ಪು ದಾಟಿಸಿದೆ,
ಗೋಡೆಯ ಹೊರಮೈಯಲ್ಲಿ ನಿಲ್ಲಿಸಿದೆ.
ಇನ್ನೊಂದು ಚುಕ್ಕೆ ಎದುರು ಹೊರಮೈಗೆ.
ಕೈ ನಡುಗಿತು, ಮತ್ತೆ ಇಟ್ಟೆ.
ಏಳು ಪಾಯಿಂಟ್ ಎಂಟು.

ಎಷ್ಟು ಬಂತು, ಎಂದ ಎರಾಸ್ಮೊ.
ಅಳೆಯುವವರ ಮೌನ ಅವನಿಗೆ ಗುರುತು.
ಹೇಳಿದೆ.
ಒಳಗಿನಿಂದಲೋ ಹೊರಗಿನಿಂದಲೋ?
ಹೊರಗಿನಿಂದ.
ದೋಣಿಗೂ ಹಾಗೇ, ಎಂದ. ನನ್ನ ಭಾವ ಒಳಗೆ ಅಳೆದ.
ಕಟ್ಟಿದ ದೋಣಿ ಹೊರಗೆ ತರಲು ಶೆಡ್ಡಿನ ಬಾಗಿಲು ಒಡೆದೆವು.

ರಕ್ತದೊತ್ತಡ ಎಂಬತ್ತೈದು.
ನರ್ಸ್ ಒವಿದಿಯೊ ಸಲೈನ್ ಚೀಲ ಎತ್ತಿ ಹಿಡಿದಿದ್ದ.
ಬೇಡ, ಎಂದೆ, ತುಂಬಿದಷ್ಟೂ ಸೋರುತ್ತದೆ.
ಒತ್ತಡ ತಗ್ಗೇ ಇರಲಿ, ಮಾತಿರುವವರೆಗೆ.
ಮಾತಾಡಿಸು, ಬಿಡಬೇಡ.

ಪುಯೆರ್ತೊ ಮೊಂತ್‌ನ ಸರ್ಜನ್
ನಿದ್ದೆಗಣ್ಣಲ್ಲೇ ಫೋನಿನಲ್ಲಿ ಕೇಳಿದಳು:
ಎಷ್ಟು ಸೆಂಟಿಮೀಟರ್? ಮಾತಾಡುತ್ತಿದ್ದಾನಾ?
ಹೌದು, ಎಂದೆ, ಬೇಕಾದ್ದಕ್ಕಿಂತ ಹೆಚ್ಚೇ.
ಕಳಿಸು.

ಮಂಜು ಎತ್ತುವವರೆಗೆ ನಲವತ್ತು ನಿಮಿಷ.
ಒವಿದಿಯೊ ಪಾಪ ಊರಿನ ಹುಡುಗ, ದೋಣಿ ಹತ್ತಿದರೆ ವಾಂತಿ;
ಹಲಗೆ ಹಲಗೆಯ ಸಂದಿಗೆ ಏನು ತುಂಬುತ್ತೀರಿ, ಎಂದ.
ಅಲೆರ್ಸೆ ಮರದ ತೊಗಟೆ ನಾರು.
ಹೇಗೆ?
ಹಗ್ಗದಂತೆ ಹೊಸೆದು, ಉಳಿಯಿಟ್ಟು ಬಡಿದು.
ಯಾವ ಉಳಿ?
ನನ್ನಪ್ಪನದು.
ಒಮ್ಮೆ ನಿಲ್ಲಿಸಿದ.
ನಾವಿಬ್ಬರೂ ಅವನ ತುಟಿ ನೋಡಿದೆವು.
ಆಮೇಲೆ, ಹಿಡಿ ಮಾತ್ರ ಹೊಸದು, ಎಂದ.

ಶಾಲೆಯ ಬಯಲಲ್ಲಿ ಮೂರು ಲಾರಿಗಳು ದೀಪ ಹಾಕಿ ನಿಂತವು.
ಹೆಲಿಕಾಪ್ಟರ್ ಗಾಳಿಗೆ ಹೊದಿಕೆ ಹಾರದಂತೆ
ಒವಿದಿಯೊ ಮೇಲೇ ಬಿದ್ದು ಹಿಡಿದಿದ್ದ.
ಆ ಗದ್ದಲದಲ್ಲೂ ಎರಾಸ್ಮೊ ಅವನ ಕಿವಿಗೆ
ಕೂಗಿ ಹೇಳುತ್ತಿದ್ದ:
ನಾರನ್ನು ನೆನೆಸಬಾರದು ಹುಡುಗ,
ಒಣಗಿದ್ದನ್ನೇ ಬಡಿಯಬೇಕು,
ನೀರು ಒಳಗೆ ಬಂತು ಅಂದಾಗ ಅದು ತಾನಾಗಿ
ಬಾಗಿಲು ಹಾಕಿದರು.

ಒಳಗೆ ಬಂದು ಪ್ರೋಬ್ ಒರೆಸಿದೆ.
ಜೆಲ್ಲಿನಲ್ಲಿ ಗರಗಸದ ಹುಡಿ, ನಾಲ್ಕಾರು ಕಣ.
ಡ್ರಾಯರಿನಲ್ಲಿ ಆ ಎರಡು ಗುಳಿಗೆ ಹಾಗೇ ಇವೆ,
ಯಾರಿಗೂ ಕೊಟ್ಟಿಲ್ಲ.

ಉಳಿದರ್ಧ ಮಾತನ್ನು
ಮೋಡದ ಮೇಲೆ ಅವನು
ಯಾರಿಗಾದರೂ ಹೇಳುತ್ತಿರಲಿ.